ಕೊಡದ ಹೆಸರು

ನನ್ನ ಮಗಳಿಗೆ ಆರು ವಾರವಾದರೂ ಹೆಸರಿರಲಿಲ್ಲ. ನಮ್ಮ ಐಸ್‌ಲ್ಯಾಂಡಿನಲ್ಲಿ ದೀಕ್ಷಾಸ್ನಾನದ ದಿನದವರೆಗೆ ಮಗುವಿನ ಹೆಸರನ್ನು ಯಾರೂ ಬಾಯಿಬಿಡುವುದಿಲ್ಲ. ಆದರೆ ಮೂರು ಮಧ್ಯಾಹ್ನ, ಮಗುವಿನ ಪಕ್ಕ ನಾನು ಕಣ್ಣು ಮುಚ್ಚಿದಾಗಲೆಲ್ಲ, ಒದ್ದೆ ಉಣ್ಣೆಯ ಕೈಗವಸು ತೊಟ್ಟ ಹುಡುಗಿಯೊಬ್ಬಳು ಮಂಚದ ಅಂಚಿನಲ್ಲಿ ಕೂತು "ಸೈಯುನ್" ಎಂದಳು. ಎದ್ದು ಮುಟ್ಟಿದರೆ ಅವಳು ಕೂತಿದ್ದ ಜಾಗ ತಣ್ಣಗೆ ಒದ್ದೆಯಾಗಿರುತ್ತಿತ್ತು.

ಅತ್ತೆಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಮುಳುಗಿ ಸತ್ತ ನನ್ನ ತಂಗಿ ಕಣೇ ಅದು. ಸತ್ತವರು ಕನಸಲ್ಲಿ ಬಂದು ತಮ್ಮ ಹೆಸರು ಇಡಿ ಅಂತ ಕೇಳಿದ್ರೆ ಮಗೂಗೆ ಕೊಟ್ಬಿಡಬೇಕು."

"ಸೈಯುನ್ ಅಂದ್ರೆ ಕಡಲಿನ ಅಲೆ ಅಂತ ತಾನೆ? ಗಂಡ ಮೀನಿಗೆ ಹೋಗೋ ಮನೇಲಿ ದಿನಾ ಅಲೇನ ಕೂಗ್ತಾ ಇರ್ಲಾ ಅತ್ತೆ? ಬೇಕಾದ್ರೆ ನಿಮ್ಮ ಬೆಕ್ಕಿಗಿಡಿ."

ಚರ್ಚಿನಲ್ಲಿ ಪಾದ್ರಿ ಕೇಳಿದಾಗ "ಬಿರ್ಟಾ" ಎಂದೆ. ಬೆಳಕು ಎಂದರ್ಥ. ತಲೆಯಿಂದ ಇಳಿದ ನೀರು ತುಟಿಗೆ ತಾಗಿ ಮಗು ಮುಖ ಕಿವುಚಿತು. ಒರೆಸಿದ ಬೆರಳನ್ನು ನಾನೂ ನೆಕ್ಕಿ ನೋಡಿದೆ. ಉಪ್ಪಾಗಿತ್ತು.

ಮರುದಿನ ನನ್ನ ಗಂಡ ಥೊರ್ಲಾಕುರ್ ಇನ್ನು ಮೂವರೊಂದಿಗೆ ದೋಣಿ ಇಳಿಸಿದ. ಗಾಳಿಯಿರಲಿಲ್ಲ, ಸಮುದ್ರ ಕನ್ನಡಿಯಂತಿತ್ತು. ಎಲ್ಲಿಂದಲೋ ಒಂದೇ ಒಂದು ಅಲೆ ಎದ್ದಿತು ಎಂದು ಈಜಿ ಬಂದ ಮೂವರೂ ಬೇರೆಬೇರೆಯಾಗಿ ಹೇಳಿದರು.

ಹೋದದ್ದು ಒಂದು ದೋಣಿ, ಒಬ್ಬ ಮನುಷ್ಯ.