ಬಾಗಿಲ ಹೊರಗಿನ ಬೆಂಚು

"ಹೆಟ್ಟಿ ಲಷರ್, ನಾನೂರ ಹನ್ನೆರಡು. ಎಡ್ಮಂಡ್ ಥರ್ಟಲ್... ನಾನೂರ ಹನ್ನೆರಡು."

ಶಾಲೆಯ ಆಟದ ಒಳಾಂಗಣದಲ್ಲಿ ಚುನಾವಣಾಧಿಕಾರಿ ಮೂರನೆಯ ಬಾರಿ ಅದೇ ಅಂಕಿಗಳನ್ನು ಓದಿದರು.

ಮತ ಸಮವಾದರೆ ಚೀಟಿ ಎತ್ತಬೇಕು. ಕಾನೂನು ಅಷ್ಟೇ. ಯಾರೋ ಬಿಸ್ಕತ್ತಿನ ಖಾಲಿ ಡಬ್ಬಿ ತಂದರು. ಎರಡು ಚೀಟಿ ಮಡಚಿ ಅದರೊಳಗೆ ಹಾಕಿದರು.

ಹೆಟ್ಟಿ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಸೈಕಲ್ ರಿಪೇರಿ ಅಂಗಡಿಯವಳ ಕೈ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸ್. ಈಗ ಆ ಕೈ ನಡುಗುತ್ತಿತ್ತು, ಯಾರಿಗೂ ಕಾಣಬಾರದಿತ್ತು.

ಪಕ್ಕದಲ್ಲಿ ನಿಂತವನಿಗೆ ಮಾತ್ರ ಕಂಡಿತ್ತು.

ಎಲ್ಲರೂ ಡಬ್ಬಿಯನ್ನು ನೋಡುತ್ತಿದ್ದರೆ ಬಸ್ ಚಾಲಕರ ನೀಲಿ ಕೋಟು ತೊಟ್ಟ ಆ ಮನುಷ್ಯ ಅವಳನ್ನು ನೋಡುತ್ತಿದ್ದ. ಒಂದು ತಿಂಗಳಿಂದ ಅವಳ ಎದುರಾಳಿ. ಕರಪತ್ರದ ಫೋಟೋದಲ್ಲಿ ಬಿಟ್ಟರೆ ಇಷ್ಟು ಹತ್ತಿರದಿಂದ ಕಂಡದ್ದೇ ಇಲ್ಲ. ಅವನು ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಅವಳ ಬೆನ್ನ ಹಿಂದಿನ ಅಂಗೈಯೊಳಗೆ ಇಟ್ಟ.

ಎದುರಾಳಿ ಕೊಟ್ಟದ್ದು ತಿನ್ನಬಹುದೋ ಬಾರದೋ ಎಂದು ಅವಳು ಯೋಚಿಸುತ್ತಿದ್ದಾಗಲೇ ಅಧಿಕಾರಿ ಚೀಟಿ ಬಿಡಿಸಿದರು.

"ಲಷರ್."

ಕೈ ಕುಲುಕುವಾಗ ಎಡ್ಮಂಡ್ ನಕ್ಕ. "ಅಭಿನಂದನೆ. ಆದ್ರೆ ನಾನೂರ ಹನ್ನೆರಡು ಜನ ನನ್ನವರು, ನೆನಪಿರ್ಲಿ. ಅವರನ್ನೂ ಚೆನ್ನಾಗಿ ನೋಡ್ಕೊಳ್ಳಿ."

ಸೋತವನ ಮಾತಿನಲ್ಲಿ ಇಷ್ಟು ಬೆಚ್ಚಗಿನದೇನಾದರೂ ಇರಬಹುದೆಂದು ಹೆಟ್ಟಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

* * *

ಹಾರ್ನ್‌ಸ್ಟೇತ್ ಊರಿನ ಜನ ಅವಳನ್ನು ಹಿಂದೆ ಮುಂದೆ 'ಶೌಚಾಲಯದ ಹೆಟ್ಟಿ' ಎನ್ನುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. ಚುನಾವಣೆಗೆ ನಿಂತದ್ದೇ ಅದಕ್ಕೆ.

ಅವಳ ಅಜ್ಜಿ ಮೇವಿಸ್ ದಿನಾ ಮಧ್ಯಾಹ್ನ ಹದಿನಾಲ್ಕನೇ ನಂಬರಿನ ಬಸ್ಸು ಹತ್ತಿ ಕಡಲ ದಂಡೆಗೆ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದಳು. ಒಂದು ಚಳಿಗಾಲ ಊರಿನ ಕೌನ್ಸಿಲ್‌ನವರು ದಂಡೆಯ ಸಾರ್ವಜನಿಕ ಶೌಚಾಲಯಕ್ಕೆ ಬೀಗ ಹಾಕಿದರು. ಅಜ್ಜಿ ಹೋಗುವುದನ್ನು ನಿಲ್ಲಿಸಿದಳು. ಕೇಳಿದರೆ ಮಂಡಿನೋವು ಎಂದಳು. ವಸಂತದಲ್ಲಿ ಬೀಗ ತೆಗೆದ ಮರುದಿನವೇ ಮಂಡಿನೋವು ಹೋಯಿತು.

ಹೆಟ್ಟಿ ಮತ್ತೇನೂ ಕೇಳಲಿಲ್ಲ. ಅಜ್ಜಿಯೂ ಏನೂ ಹೇಳಲಿಲ್ಲ. ಆ ಮೌನದಿಂದಲೇ ಹೆಟ್ಟಿ ನಾಮಪತ್ರ ತುಂಬಿದ್ದು.

ಆದರೆ ಯಾವ ಪಕ್ಷಕ್ಕೂ ಸೇರದ ಒಬ್ಬಂಟಿ ಸದಸ್ಯೆಯ ಮಾತನ್ನು ಕೇಳುವವರು ಯಾರು? ಮೂವತ್ತೈದು ಜನರ ಸಭೆಯಲ್ಲಿ ಅವಳ ಕುರ್ಚಿ ಕಂಬದ ಹಿಂದೆ. ಯಾವ ಸಮಿತಿಯಲ್ಲೂ ಜಾಗವಿಲ್ಲ. ಮಾತಾಡುವ ಸರದಿ ಕಟ್ಟಕಡೆಗೆ. ಅಷ್ಟರಲ್ಲಿ ಅಧ್ಯಕ್ಷ ಗಾಡ್‌ಬೋಲ್ಡ್ ಅವರು "ಐದು ನಿಮಿಷ ವಿರಾಮ" ಎಂದು ಎದ್ದುಬಿಡುತ್ತಿದ್ದರು. ಎಪ್ಪತ್ತೆಂಟು ವರ್ಷದ ಅವರು ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಹಾಗೆ ಎದ್ದು ಪಡಸಾಲೆಯ ಕಡೆ ಬಿರುಸಾಗಿ ನಡೆಯುವುದು ಇಡೀ ಕೌನ್ಸಿಲ್‌ಗೆ ಗೊತ್ತು. ಯಾಕೆಂದೂ ಗೊತ್ತು. ಯಾರೂ ಆಡುವುದಿಲ್ಲ.

ಆರು ತಿಂಗಳು ಹೀಗೇ ಹೋಯಿತು. ಅಕ್ಟೋಬರಿನಲ್ಲಿ ಪಕ್ಕದ ವಾರ್ಡಿನ ಉಪಚುನಾವಣೆಯಲ್ಲಿ ಎಡ್ಮಂಡ್ ಗೆದ್ದು ಬಂದ. ಅವನ ಪಕ್ಷದ ಹೆಸರು ಕರಾವಳಿ ಜನಪಕ್ಷ. ಅದರಲ್ಲಿ ಇದ್ದದ್ದು ಹನ್ನೊಂದೇ ಜನ, ಅದರಲ್ಲೂ ಇಬ್ಬರು ಅವನ ಅಕ್ಕಂದಿರು. ಕೌನ್ಸಿಲ್‌ಗೆ ಗೆದ್ದವನು ಅವನೊಬ್ಬನೇ.

ಮೊದಲ ದಿನವೇ ಅವನು ಕಂಬದ ಹಿಂದೆ ಬಂದು ಒಂದು ಹಾಳೆ ಚಾಚಿದ.

"ಇಲ್ಲಿ ಇಬ್ಬರು ಸಹಿ ಹಾಕಿದ್ರೆ ಒಂದು ಗುಂಪು ಅಂತ ಲೆಕ್ಕ. ಗುಂಪಿಗೆ ಸಮಿತಿಯಲ್ಲಿ ಜಾಗ ಕೊಡ್ಲೇಬೇಕು. ನೀವು ನಾಯಕಿ, ನಾನು ಉಪನಾಯಕ."

"ಮಿಕ್ಕ ಸದಸ್ಯರು?"

"ಅದೇ ನಮ್ಮ ಅನುಕೂಲ. ಮಿಕ್ಕವರು ಯಾರೂ ಇಲ್ಲ."

ಹೆಟ್ಟಿ ಎಷ್ಟೋ ದಿನದ ಮೇಲೆ ಆ ಕಟ್ಟಡದೊಳಗೆ ನಕ್ಕಳು.

* * *

ಗುಂಪಿನ ಸಭೆ ಪ್ರತಿ ಗುರುವಾರ ಮಧ್ಯಾಹ್ನ. ಹದಿನಾಲ್ಕನೇ ನಂಬರಿನ ಬಸ್ಸು ಕಡಲ ದಂಡೆಯ ಕೊನೆಯ ನಿಲ್ದಾಣದಲ್ಲಿ ಹದಿನೆಂಟು ನಿಮಿಷ ನಿಲ್ಲುತ್ತಿತ್ತು. ಎಡ್ಮಂಡ್ ಎಂಜಿನ್ ಆರಿಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದ. ಹೆಟ್ಟಿ ಅಜ್ಜಿ ಬೇಯಿಸಿ ಕಳಿಸಿದ ಚೀಸ್ ಸ್ಕೋನ್ ಎಂಬ ಬನ್ನುಗಳ ಪೊಟ್ಟಣ ಬಿಚ್ಚುತ್ತಿದ್ದಳು. ಇಬ್ಬರೇ ಇದ್ದರೂ ನಡಾವಳಿ ಬರೆಯಲೇಬೇಕೆಂಬುದು ಅವನ ಹಟ. 'ಹಾಜರಿ: ಎಲ್ಲರೂ' ಎಂದು ಅವನು ಗಂಭೀರವಾಗಿ ಬರೆಯುತ್ತಿದ್ದ.

ತಿಂಗಳಿಗೊಮ್ಮೆ ಒಂದು ಪುಟದ ಪತ್ರ ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿದ್ದರು. ಮೇಲರ್ಧದಲ್ಲಿ ಕೌನ್ಸಿಲಿನ ಸುದ್ದಿ, ಕೆಳಗೆ ಗುಂಪಿನ ಆದ್ಯತೆಗಳು. ಒಂದು, ವರ್ಷವಿಡೀ ತೆರೆದ ಶೌಚಾಲಯ. ಎರಡು, ಬಸ್ ತಂಗುದಾಣಕ್ಕೆ ಚಾವಣಿ. ಮೂರನೆಯದು ಬೇಕೇ ಬೇಕೆಂದು ಹೆಟ್ಟಿ, ಎರಡು ಆಗುವ ತನಕ ಮೂರರ ಮಾತು ಬೇಡವೆಂದು ಅವನು. ಅದೊಂದು ವಾದ ಚಳಿಗಾಲ ಪೂರ್ತಿ ನಡೆಯಿತು.

ಕೆಲವು ಗುರುವಾರ ವಾದವೂ ಇರುತ್ತಿರಲಿಲ್ಲ. ಬೂದುಬಣ್ಣದ ಕಡಲು ಉಬ್ಬುವುದನ್ನು ಇಬ್ಬರೂ ಬಸ್ಸಿನ ಮುಂಗಾಜಿನಿಂದ ಸುಮ್ಮನೆ ನೋಡುತ್ತಿದ್ದರು. ಇಂಥ ಮೌನದಲ್ಲಿ ತನಗೆ ಯಾಕೆ ಏನಾದರೂ ಹೇಳಿ ತುಂಬಿಸಬೇಕೆನ್ನಿಸುವುದಿಲ್ಲ... ಎಂದು ಹೆಟ್ಟಿ ಒಮ್ಮೊಮ್ಮೆ ಯೋಚಿಸುತ್ತಿದ್ದಳು. ಉತ್ತರದ ಹತ್ತಿರ ಬಂದಾಗಲೆಲ್ಲ ಹದಿನೆಂಟು ನಿಮಿಷ ಮುಗಿದಿರುತ್ತಿತ್ತು.

* * *

ಮೇ ತಿಂಗಳಲ್ಲಿ ಬಾಂಬು ಬಿತ್ತು. ದಂಡೆಯ ಶೌಚಾಲಯವನ್ನು ಕಾಫಿ ಅಂಗಡಿಗೆ ಮಾರುವ ಪ್ರಸ್ತಾಪ. ಜೂನ್ ಸಭೆಯಲ್ಲಿ ಮತ.

ಅದಕ್ಕಿಂತ ದೊಡ್ಡ ಪೆಟ್ಟು ಕಾನೂನು ಅಧಿಕಾರಿ ಮಿಸೆಸ್ ಒಕೊರೊ ಅವರಿಂದ ಬಂತು. ಹೆಟ್ಟಿಯ ಸೈಕಲ್ ಅಂಗಡಿಯ ಹಿಂಗೋಡೆಯೇ ಶೌಚಾಲಯದ ಗೋಡೆ. ಮಾರಾಟವಾದರೆ ಅವಳ ಅಂಗಡಿಯ ಬೆಲೆಯೂ ಏರಬಹುದು, ಇಳಿಯಬಹುದು. ಹಾಗಾಗಿ ಈ ವಿಷಯ ಬಂದಾಗ ಅವಳು ತನ್ನ ಹಿತಾಸಕ್ತಿಯನ್ನು ಸಭೆಗೆ ತಿಳಿಸಿ ಹೊರಗೆ ಹೋಗಬೇಕು. ಮಾತಿಲ್ಲ, ಮತವೂ ಇಲ್ಲ.

ಇದಕ್ಕಾಗಿಯೇ ಗೆದ್ದು ಬಂದವಳು ಇದೊಂದಕ್ಕೇ ಕೈ ಎತ್ತುವ ಹಾಗಿಲ್ಲ!

ಆ ಗುರುವಾರ ಬಸ್ಸಿನಲ್ಲಿ ಅವಳು ಸ್ಕೋನಿನ ಪೊಟ್ಟಣ ಬಿಚ್ಚಲೇ ಇಲ್ಲ. "ಎಡ್ಮಂಡ್, ಎರಡೂ ಕಡೆ ಸಮಸಮ ಇದ್ದಾರೆ. ಒಂದೇ ಮತದಲ್ಲಿ ತೀರ್ಮಾನ ಆಗತ್ತೆ. ಇನ್ನು ನಿಮ್ಮೊಬ್ಬರ ಕೈಯಲ್ಲಿದೆ. ನನ್ನ ಪಾಲಿಗೂ ನೀವೇ ಕೈ ಎತ್ಬೇಕು."

ಅವನ ಮುಖ ಬಿಳಿಚಿಕೊಂಡಿತು. ಚಹಾ ಆರುವವರೆಗೂ ಲೋಟ ಹಿಡಿದು ಕೂತಿದ್ದ. ಅಂದಿನ ಮೌನ ಹಿಂದಿನವುಗಳಂತಿರಲಿಲ್ಲ.

ಮುಂದಿನ ಗುರುವಾರ ಬಸ್ಸಿಗೆ ಬೇರೆ ಚಾಲಕ. ಅದರ ಮುಂದಿನ ಗುರುವಾರವೂ. ಫೋನಿಗೆ ಉತ್ತರವಿಲ್ಲ. ಆಡಳಿತ ಪಕ್ಷದವನೊಬ್ಬ ಅವಳ ಅಂಗಡಿಗೆ ಸೈಕಲ್ ರಿಪೇರಿಗೆ ಬಂದವನು, ಥರ್ಟಲ್ ಈಗೀಗ ಕೌನ್ಸಿಲ್ ಕಚೇರಿಯ ಮೇಲ್ಮಹಡಿಯಲ್ಲೇ ಇರುತ್ತಾನೆ, ಬಾಗಿಲು ಹಾಕಿಕೊಂಡು ಮಾತುಕತೆ ನಡೆಯುತ್ತಿದೆ, ಅವನಿಗೆ ನಮ್ಮ ಕಡೆ ಏನೋ ಹುದ್ದೆ ಸಿಗುತ್ತದಂತೆ ಎಂದು ಕಣ್ಣು ಮಿಟುಕಿಸಿ ಹೋದ.

ಹೆಟ್ಟಿ ಆ ಸೈಕಲ್ಲಿನ ಬ್ರೇಕನ್ನು ಬೇಕಾದ್ದಕ್ಕಿಂತ ಹೆಚ್ಚೇ ಬಿಗಿ ಮಾಡಿದಳು.

ಇಲ್ಲ, ಅವನು ಹಾಗಲ್ಲ... ಆದರೆ ಅಲ್ಲದಿದ್ದರೆ ಈ ಮೌನ ಯಾಕೆ?

ಸಂಜೆ ಅಜ್ಜಿಗೆ ಹೇಳಿಕೊಂಡಳು. ಅಜ್ಜಿ ಸ್ವೆಟರ್ ಹೆಣೆಯುತ್ತ ಕೇಳಿಸಿಕೊಂಡಳು. "ಬಸ್ಸಲ್ಲಿ ನನ್ನನ್ನೂ ಏನೋ ಕೇಳ್ದ ಕಣೇ. ನಾನೂ ಹೇಳ್ದೆ."

"ಏನು ಕೇಳ್ದ?"

"ಅದನ್ನ ಅವನೇ ಹೇಳ್ಲಿ. ನನಗೇನು ನಿಮ್ಮ ಗುಂಪಲ್ಲಿ ಸದಸ್ಯತ್ವ ಕೊಟ್ಟಿದೀರಾ?"

* * *

ಜೂನ್ ಸಂಜೆ. ಸಭಾಂಗಣದ ಕಿಟಕಿಗಳ ತುಂಬ ಇನ್ನೂ ಬಿಸಿಲು. ಎಡ್ಮಂಡ್ ಕಡೆ ಗಳಿಗೆಯಲ್ಲಿ ಬಂದು ದೂರದ ಕುರ್ಚಿಯಲ್ಲಿ ಕೂತ. ಅವಳ ಕಡೆ ನೋಡಲಿಲ್ಲ.

ಪಟ್ಟಿಯ ಏಳನೆಯ ವಿಷಯವಾದ ಶೌಚಾಲಯದ ಮಾರಾಟ ಬಂದಾಗ ಹೆಟ್ಟಿ ಎದ್ದು, ತನ್ನ ಅಂಗಡಿಯ ಗೋಡೆಯ ವಿಷಯ ಹೇಳಿ, ಹೊರಗೆ ನಡೆದಳು. ಪಡಸಾಲೆಯಲ್ಲಿ ಗೋಡೆಗೊತ್ತಿದ ಒಂದು ಮರದ ಬೆಂಚು. ಅದರ ಮೇಲೆ ಕೂತಳು. ಹಿಂದೆ ಬಾಗಿಲು ಮುಚ್ಚಿತು.

ಒಂದು ನಿಮಿಷವೂ ಆಗಿರಲಿಲ್ಲ. ಬಾಗಿಲು ತೆರೆಯಿತು.

ಎಡ್ಮಂಡ್ ಹೊರಗೆ ಬಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನೆತ್ತಿಗೇರಿತು. "ಏನ್ ಮಾಡ್ತಿದೀರ? ಒಳಗೆ ಹೋಗಿ! ಮತ ಹಾಕಿ!"

"ಆಗಲ್ಲ."

"ಹುದ್ದೆ ಅಷ್ಟು ಚೆನ್ನಾಗಿದೆಯಾ? ಎದುರು ಮತ ಹಾಕೋಕೆ ನಾಚಿಕೆ ಆಯ್ತು, ಅದಕ್ಕೆ ಎದ್ದು ಬಂದ್ರಿ. ಅಲ್ವಾ?"

"ಯಾವ ಹುದ್ದೆ?" ಅವನ ಮುಖದಲ್ಲಿ ನಿಜವಾದ ಗಲಿಬಿಲಿಯಿತ್ತು. "ನಾನು ಹಿತಾಸಕ್ತಿ ತಿಳಿಸಿ ಬಂದೆ. ನಿಯಮ."

"ನಿಮಗೆ ಆ ದಂಡೇಲಿ ಒಂದು ಇಟ್ಟಿಗೆನೂ ಇಲ್ಲ!"

"ನನಗಿಲ್ಲ." ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಬಹಳ ಹೊತ್ತು ತನ್ನ ಟೋಪಿಯನ್ನೇ ತಿರುಗಿಸಿದ. "ನಿಯಮದಲ್ಲಿ ಇನ್ನೊಂದು ಸಾಲಿದೆ. ಸದಸ್ಯನಿಗೆ ತೀರಾ ಹತ್ತಿರದವರು ಯಾರಾದ್ರೂ ಇದ್ದು, ಅವರ ಆಸ್ತಿಗೆ ಸಂಬಂಧಪಟ್ಟಿದ್ರೆ... ಅವನೂ ಹೊರಗೆ ಹೋಗ್ಬೇಕು."

ಹೆಟ್ಟಿಯ ಸಿಟ್ಟು ಇದ್ದಲ್ಲೇ ನಿಂತಿತು.

ಅವನು ತಲೆ ಎತ್ತದೆ ಹೇಳುತ್ತ ಹೋದ. ಎರಡು ವಾರ ಮಿಸೆಸ್ ಒಕೊರೊ ಅವರ ಕೋಣೆಗೆ ಅಲೆದದ್ದು ಇದಕ್ಕೇ. ಒಬ್ಬ ಸದಸ್ಯನಿಗೆ ಒಬ್ಬರ ಮೇಲೆ ಮನಸ್ಸಿದೆ, ಆದರೆ ಆಕೆಗೇ ಅದು ಗೊತ್ತಿಲ್ಲ, ಆಗಲೂ ತಿಳಿಸಬೇಕೇ ಎಂದು ಕೇಳಿದ್ದ. ಮಿಸೆಸ್ ಒಕೊರೊ ಮೂರು ದಿನ ನಿಯಮದ ಪುಸ್ತಕ ಓದಿದರಂತೆ. ವಿಷಯ ಗೊತ್ತಿರುವ ಒಬ್ಬ ಸಾಮಾನ್ಯ ಮನುಷ್ಯ ಏನಂದುಕೊಳ್ಳುತ್ತಾನೆ, ಅದೇ ಅಳತೆಗೋಲು ಎಂದರಂತೆ.

"ಅದಕ್ಕೆ ನಿಮ್ಮ ಅಜ್ಜೀನ ಕೇಳ್ದೆ. ಮೇವಿಸಜ್ಜಿ, ನಾನು ಹೆಟ್ಟಿ ಬಗ್ಗೆ ಏನಂದ್ಕೊಂಡಿದೀನಿ ಅಂತ ಜನಕ್ಕೆ ಗೊತ್ತಾಗತ್ತಾ ಅಂತ."

"ಏನಂದ್ಲು?"

"ಹದಿನಾಲ್ಕನೇ ನಂಬರ್ ಬಸ್ಸಿಗೆಲ್ಲ ಗೊತ್ತು, ಹೆಟ್ಟಿಗೊಬ್ಬಳಿಗೆ ಬಿಟ್ಟು, ಅಂದ್ರು."

ಮುಚ್ಚಿದ ಬಾಗಿಲ ಆಚೆ ಯಾರೋ ಏನೋ ಗುಡುಗುತ್ತಿದ್ದರು. ಹೆಟ್ಟಿಗೆ ಒಂದಕ್ಷರವೂ ಕೇಳಿಸಲಿಲ್ಲ.

"ಸುಮ್ಮನಿದ್ದು ಕೈ ಎತ್ತಿಬಿಡಬಹುದಿತ್ತು," ಅವನು ಮೆಲ್ಲಗೆ ಹೇಳಿದ. "ಗೆದ್ದೂಬಿಡ್ತಿದ್ವಿ. ಆದ್ರೆ ನಾನು ಕೈ ಎತ್ತಿದ್ದು ಊರಿಗಾಗೋ ನಿಮಗಾಗೋ ಅಂತ ನನಗೇ ಗೊತ್ತಾಗ್ತಿರಲಿಲ್ಲ. ನಿಮ್ಮ ಎದುರಿಗೆ ಬಂದ್ರೆ ಎಲ್ಲ ಹೇಳಿಬಿಡ್ತೀನಿ ಅನ್ನಿಸ್ತು. ನಿಮ್ಮ ತಲೆ ಮೇಲೆ ಮತದ ಭಾರ ಇರೋವಾಗ ಅದನ್ನೂ ಹೊರಿಸೋದು ಬೇಡ ಅಂತ ತಪ್ಪಿಸ್ಕೊಂಡೆ. ಅದು ತಪ್ಪಾಯ್ತು. ಮತಾನೂ ಹೋಯ್ತು. ಕ್ಷಮಿಸಿ."

ಹೆಟ್ಟಿ ತನ್ನ ಕೈಗಳನ್ನು ನೋಡಿಕೊಂಡಳು. ನಡುಗುತ್ತಿದ್ದವು. ಈ ಬಾರಿ ಬೆನ್ನ ಹಿಂದೆ ಅಡಗಿಸಲಿಲ್ಲ.

ಇಡೀ ಸಭೆಯ ಮುಂದೆ ಎದ್ದು ನಿಂತು ಹೇಳಿದನಲ್ಲ... ನನಗಿಂತ ಮೊದಲು ಅಧ್ಯಕ್ಷರಿಗೆ, ಗುಮಾಸ್ತರಿಗೆ, ಎಲ್ಲರಿಗೂ!

ನಗು ಬಂತು. ಜೊತೆಗೆ ಕಣ್ಣೂ ತುಂಬಿತು.

"ಒಳಗೆ ನಿಖರವಾಗಿ ಏನಂದ್ರಿ?"

ಅವನು ಗಂಟಲು ಸರಿಮಾಡಿಕೊಂಡ. "ಕೌನ್ಸಿಲರ್ ಲಷರ್ ನನಗೆ ತೀರಾ ಹತ್ತಿರದವರು, ಅವರಿಗಿನ್ನೂ ತಿಳಿಸಿಲ್ಲ, ಈಗ ಹೋಗಿ ತಿಳಿಸ್ತೀನಿ ಅಂದೆ."

ಹೆಟ್ಟಿ ಬೆಂಚಿನ ಮೇಲೆ ಅವನ ಕಡೆಗೆ ಜರುಗಿದಳು. ಗ್ರೀಸಿನ ಕಲೆಯ ಕೈಯನ್ನು ಅವನ ಅಂಗೈಯೊಳಗೆ ಇಟ್ಟಳು. ಒಂದು ವರ್ಷದ ಹಿಂದೆ ಅವನು ಪೆಪ್ಪರ್‌ಮಿಂಟ್ ಇಟ್ಟ ಹಾಗೆ.

ಅವರು ಹಾಗೇ ಕೂತರು. ಬಸ್ಸಿನ ಹಳೆಯ ಮೌನ ಮರಳಿ ಬಂದು ಇಬ್ಬರ ನಡುವೆ ಕೂತಿತು.

ಧಡ್ ಎಂದು ಬಾಗಿಲು ತೆರೆಯಿತು. ಅಧ್ಯಕ್ಷ ಗಾಡ್‌ಬೋಲ್ಡ್ ಬಿರುಸಾಗಿ ಹೊರಬಂದರು.

"ಹದಿನಾರು, ಹದಿನಾರು. ಸಮ," ಅವರು ನಿಲ್ಲದೆ ಹೇಳಿದರು. "ಅಂಥಾಗ ಅಧ್ಯಕ್ಷ ಮತ ಹಾಕ್ಬೇಕು. ಹಾಕ್ದೆ. ಈ ವಯಸ್ಸಲ್ಲಿ ಶೌಚಾಲಯ ಮಾರೋಕೆ ನನಗೇನು ಹುಚ್ಚಾ? ಉಳೀತು. ಈಗ ದಾರಿ ಬಿಡಿ."

ಅವರು ಪಡಸಾಲೆಯ ತುದಿಯಲ್ಲಿ ಮರೆಯಾದರು. ಹೆಟ್ಟಿ ಎಡ್ಮಂಡ್‌ನ ಹೆಗಲಿಗೆ ಮುಖ ಒತ್ತಿ ನಕ್ಕಳು, ಅತ್ತಳು, ಮತ್ತೆ ನಕ್ಕಳು.

"ನಾಳೆ ನಾನೂ ಮಿಸೆಸ್ ಒಕೊರೊ ಹತ್ರ ಹೋಗ್ತೀನಿ," ಅಂದಳು ಕೊನೆಗೆ. "ಹಿತಾಸಕ್ತಿ ಪಟ್ಟೀಲಿ ನನ್ನ ಹೆಸರಿನ ಮುಂದೂ ಬರೀಬೇಕಲ್ಲ. ಎಡ್ಮಂಡ್ ಥರ್ಟಲ್, ತೀರಾ ಹತ್ತಿರದವನು ಅಂತ."

"ಹಾಗೆ ಬರೆದ್ರೆ ಇನ್ಮುಂದೆ ನಿನ್ನ ವಿಷಯ ಬಂದಾಗ ನಾನೂ, ನನ್ನ ವಿಷಯ ಬಂದಾಗ ನೀನೂ ಎದ್ದು ಹೊರಗೆ ಬರ್ಬೇಕು. ಗುಂಪಿಗೆ ಒಂದು ಮತಾನೂ ಉಳಿಯಲ್ಲ, ಹೆಟ್ಟಿ."

ಅವಳು ಕಾಲು ಚಾಚಿ ಆರಾಮಾಗಿ ಕೂತಳು.

"ಉಳೀದಿದ್ರೆ ಬಿಡು. ಬೆಂಚು ಇಬ್ಬರಿಗೆ ಸಾಕಾಗತ್ತೆ."