ಪೇಸ್ಟ್ ಹತ್ತಿದ ಕೈಗೆ ಸಿಂಗಲ್ ಮಾಲ್ಟ್

ಒಂದೇ ಗುಟುಕು.

ಹತ್ತು ನಿಮಿಷವೂ ಆಗಿಲ್ಲ. ಕಿವಿ ಕಾದ ಹಂಚಿನಂತೆ ಸುಡುತ್ತಿತ್ತು. ಎದೆಯೊಳಗೆ ಯಾರೋ ಕದ ಬಡಿಯುತ್ತಿದ್ದರು...

"ಏಜೆಂಟ್ ಸಾಹೇಬ್ರ, ಮಾರಿ ಕೆಂಪಾಗೇತಲ್ರಿ," ಅಂದ ಚಂದ್ರಕಾಂತ. "ಶೆಕಿ ಏನ್ರಿ?"

"ಹೂಂ. ಶೆಕಿ."

ಸುಳ್ಳು. ಏಸಿ ಹದಿನೆಂಟರಲ್ಲಿತ್ತು.

ನೀವು ದ್ರಾಕ್ಷಿ ಸೀಮೆಯವರಲ್ಲ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಕ್ಟೋಬರಿನಲ್ಲಿ ತಿಕೋಟಾದ ತೋಟಗಳಲ್ಲಿ ಚಾಟನಿ. ಬಳ್ಳಿ ಕತ್ತರಿಸುತ್ತಾರೆ. ಬೇಗ ಚಿಗುರಲಿ ಅಂತ ಕಡ್ಡಿಗೆ ಕೆಮಿಕಲ್ ಪೇಸ್ಟ್ ಹಚ್ಚುತ್ತಾರೆ. ಹಚ್ಚಿದ್ದು ಗೊತ್ತಾಗಲಿ ಅಂತ ಅದಕ್ಕೆ ಕೆಂಪು ಬಣ್ಣ. ಆ ಪೇಸ್ಟ್ ಮೈಗೆ ಹತ್ತಿದವನು ಒಂದು ವಾರ ಮದ್ಯ ಮುಟ್ಟಬಾರದು. ಮುಟ್ಟಿದರೆ ಮುಖ ಕೆಂಪು, ಎದೆ ಡವಡವ, ಬಿಪಿ ಪಾತಾಳ. ಹೆಚ್ಚು ಕುಡಿದರೆ ಹೆಣ. ಇಲ್ಲಿ ಕೂಸಿಗೂ ಗೊತ್ತಿರುವ ಮಾತು.

ಅದಕ್ಕೆ ಎಂಟು ದಿನ ಮೊದಲು ಘೋಣಸಗಿಯ ಭೀಮಾಶಂಕರ ಹಾಗೇ ಸತ್ತಿದ್ದ. ಚಂದ್ರಕಾಂತನ ತೋಟದ ಮೇಸ್ತ್ರಿ. ಪೇಸ್ಟ್ ಹಚ್ಚಿದ, ಧಣಿಯ ಮನೆಯಲ್ಲಿ ತಾನಾಗೇ ಕೇಳಿ ಕುಡಿದ, ಸತ್ತ. ಪಂಚನಾಮೆಗೆ ಇಬ್ಬರ ಸಹಿ. ಫೈಲ್ ಕ್ಲೋಸ್.

ಅವನ ಅಕ್ಕ ಮಹಾನಂದಾ ವಿಜಯಪುರದ ಜೋರಾಪುರ ಪೇಟೆಯ ನನ್ನ ಪತ್ತೇದಾರಿ ಖೋಲಿ ಹುಡುಕಿಕೊಂಡು ಬಂದಳು.

"ಹದಿನಾಲ್ಕು ವರ್ಷ ಪೇಸ್ಟ್ ಹಚ್ಚ್ಯಾನ್ರಿ ನನ್ನ ತಮ್ಮ. ಚಾಟನಿ ಟೈಮಿನ್ಯಾಗ ಸೆರೆ ಅಂಗಡಿ ಮುಂದ ಸುದ್ದಾ ಹಾಯತಿದ್ದಿಲ್ಲ. ತಾನಾಗೇ ಕೇಳಿ ಕುಡದಾನಂದ್ರ ನಾ ನಂಬಂಗಿಲ್ಲ."

ಇನ್ನೊಂದು ಮಾತು ಹೇಳಿದಳು. ಚಂದ್ರಕಾಂತನ ಜೀಪು ಹುಚ್ಚವ್ವ ಅನ್ನೋ ಮುದುಕಿಯ ಮೇಲೆ ಹಾದು, ನಿಲ್ಲದೆ ಹೋಗಿತ್ತು. ಭೀಮಾಶಂಕರ ಅದನ್ನು ಫೋನಿನಲ್ಲಿ ಹಿಡಿದಿದ್ದ. ಅವನು ಸತ್ತ ದಿನದಿಂದ ಫೋನ್ ಇಲ್ಲ.

ನಾನು ಸೊಲ್ಲಾಪುರದ ಒಣದ್ರಾಕ್ಷಿ ಏಜೆಂಟ್ ಅಂತ ಹೇಳಿಕೊಂಡು ತೋಟ ನೋಡಲು ಬಂದೆ. ಅವತ್ತು ಬೆಳಿಗ್ಗೆ ಔಷಧಿ ಶೆಡ್ಡಿಗೆ ನುಗ್ಗಿದೆ. ಪೇಸ್ಟಿನ ಡ್ರಮ್ಮಿನ ಹಿಂದೆ ಭೀಮಾಶಂಕರ ಬಚ್ಚಿಟ್ಟಿದ್ದ ಫೋನ್ ಸಿಕ್ಕಿತು. ಹೊರಗೆ ಹೆಜ್ಜೆ ಸಪ್ಪಳ. ಗಡಿಬಿಡಿಯಲ್ಲಿ ಬಕೆಟ್ ಉರುಳಿತು. ಮೊಣಕೈವರೆಗೂ ಕೆಂಪು.

ನಳದ ಕೆಳಗೆ ಮೂರು ಸಲ ಸೋಪು ಹಚ್ಚಿ ತೊಳೆದೆ. ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಚಂದ್ರಕಾಂತನ ಕರೆ. "ದೋಸ್ತರು ಬಂದಾರ. ಸ್ಕಾಚ್ ತಗಸೇನಿ. ಬರ್ರಿ."

ಒಲ್ಲೆ ಅಂದರೆ ಅನುಮಾನ. ತುಟಿ ಒದ್ದೆ ಮಾಡಿಕೊಂಡರಾಯಿತು ಅಂತ ಹೋದೆ. ಅವನು ಕೈ ಕುಲುಕಿದ. ಕುಲುಕಿದ ಕೈ ಬಿಡದೆ ನನ್ನ ಉಗುರು ನೋಡಿದ. ಆಮೇಲೆ ಬಾಗಿಲಿಗೆ ಕೀಲಿ ಹಾಕಿದ.

"ನೊಣ ಬರ್ತಾವ," ಅಂದ.

ಕಿಟಕಿಗೆಲ್ಲ ಕಬ್ಬಿಣದ ಜಾಳಿಗೆ. ಹೊರಗೆ ಮಟಮಟ ಮಧ್ಯಾಹ್ನ. ಟೇಬಲ್ಲಿನ ಮೇಲೆ ಮೂರು ಬಾಟಲಿ, ಹೊಟ್ಟೆ ದಪ್ಪಗಿನ ಸಣ್ಣ ಗ್ಲಾಸುಗಳು. ಎದುರಿಗೆ ಇಬ್ಬರು ದೋಸ್ತರು. ದ್ರಾಕ್ಷಿ ತೋಟದ ಬೀರಣ್ಣ, ಒಣದ್ರಾಕ್ಷಿ ವ್ಯಾಪಾರಿ ಸಿದ್ದಲಿಂಗೇಶ. ಪಂಚನಾಮೆಯಲ್ಲಿದ್ದ ಅದೇ ಎರಡು ಹೆಸರು.

ಮೊದಲ ಬಾಟಲಿಯ ಒಂದು ಗುಟುಕಿಗೇ ನನ್ನ ಕಿವಿ ಸುಡುತ್ತಿತ್ತು. ಚಂದ್ರಕಾಂತ ಎರಡನೇ ಬಾಟಲಿ ಬಿಚ್ಚಿದ. "ಇದು ಸ್ಕಾಚ್ ಹುಟ್ಟೂ ದ್ವೀಪದ ಮಾಲು. ಹದಿನೆಂಟು ವರ್ಷದ್ದು. ಮೊದಲ ಮೂಗಿಲೆ ಕುಡೀಬೇಕು, ಆಮ್ಯಾಲ ಬಾಯಿಲೆ."

ಬೀರಣ್ಣ ಮೂಸಿದ. "ಯಪ್ಪಾ... ನಮ್ಮ ಮುತ್ಯಾನ ಕಂಬಳಿ ವಾಸನಿ."

"ನಿಮ್ಮ ಮುತ್ಯಾನ ಕಂಬಳಿಗೂ ಹದಿನೆಂಟು ವರ್ಷ ಆಗಿತ್ತೇನ್ಲೇ?" ಅಂದ ಸಿದ್ದಲಿಂಗೇಶ.

"ಒಗದು ಹದಿನೆಂಟಾಗಿತ್ತು."

ಇಬ್ಬರೂ ನಕ್ಕರು. ಚಂದ್ರಕಾಂತ ನನ್ನ ಗ್ಲಾಸಿಗೆ ಮಾತ್ರ ತುಂಬ ಸುರಿದ. ಕಿವಿಯ ಹತ್ತಿರ ಬಾಗಿದ.

"ಉಗರ ಇನ್ನಷ್ಟು ತಿಕ್ಕಬೇಕಿತ್ರಿ. ಫೋನ್ ಎಲ್ಲೈತಿ?"

ಫೋನ್ ಸಾಕ್ಸಿನಲ್ಲಿತ್ತು. ನಾನು ಕಾಲು ಕುರ್ಚಿಯ ಕೆಳಗೆ ಎಳೆದುಕೊಂಡೆ.

"ಹಂಗಾದ್ರ ಕುಡೀರಿ."

ಅಚ್ಚುಕಟ್ಟಾದ ಕೆಲಸ. ವಿಷ ಬೇಕಿಲ್ಲ. ಒಂದೇ ಬಾಟಲಿಯಿಂದ ನಾಲ್ವರು ಕುಡಿಯುತ್ತಾರೆ, ಒಬ್ಬ ಸಾಯುತ್ತಾನೆ. ಮೂವರು ಸಾಕ್ಷಿ.

ನಾನು ಎರಡೂ ಕೈ ಟೇಬಲ್ಲಿನ ಮೇಲೆ ಹರವಿದೆ. ಹತ್ತು ಉಗುರಿನ ಅಂಚಿಗೂ ಕೆಂಪು.

ಬೀರಣ್ಣನ ನಗು ನಿಂತಿತು. "ಪೇಸ್ಟ್ ಹತ್ತೇತಿ. ಏ ಸಾಹೇಬ್ರ, ಗ್ಲಾಸ್ ಕೆಳಗಿಡ್ರಿ. ಸಾಯ್ತೀರಿ."

"ಭೀಮಾಶಂಕರಗ ಯಾಕ ಹೇಳಲಿಲ್ಲ?" ಅಂದೆ.

ಬೀರಣ್ಣ ತನ್ನ ಗ್ಲಾಸು ದೂರ ಸರಿಸಿದ.

"ನೀರು ಬಿಡೂ ಕೆಲಸಕ್ಕ ಹಚ್ಚೇನಿ, ಪೇಸ್ಟ್ ಮುಟ್ಟಿಲ್ಲ ಅಂದಿದ್ದಾ ಇಂವ," ಬೀರಣ್ಣ ಚಂದ್ರಕಾಂತನ ಕಡೆ ನೋಡಿದ. "ಅಂವ ಒಲ್ಲೆ ಒಲ್ಲೆ ಅಂದ. ಧಣಿ ಕೊಟ್ಟದ್ದು ಬ್ಯಾಡ ಅಂತಿಯೇನ್ಲೇ ಅಂತ ನಾವೂ ನಗಚ್ಯಾಟ್ಕಿ ಮಾಡಿದ್ವಿ..."

"ಬೀರ್ಯಾ, ಬಾಯಿ ಮುಚ್ಚು," ಅಂದ ಸಿದ್ದಲಿಂಗೇಶ. "ತಾನಾಗೇ ಕೇಳಿ ಕುಡದಾ ಅಂತ ಸಹಿ ಮಾಡೇವಿ. ಈ ಏಜೆಂಟ ಹೊರಗ ಹೋದ್ರ ನಾವ್ ಒಳಗ."

ಚಂದ್ರಕಾಂತ ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕೈಯಲ್ಲಿ ಚಾಟನಿ ಕತ್ತರಿ.

ನೆರವು ಸಿಗುತ್ತದೆ ಅಂತ ಕೈ ತೋರಿಸಿದ್ದೆ. ಈಗ ಒಬ್ಬನಿಗೆ ಮೂವರು. ಕಣ್ಣು ಮಂಜಾಗುತ್ತಿತ್ತು. ಎದ್ದು ನಿಂತರೆ ಬೀಳುತ್ತೇನೆ ಅಂತ ಗೊತ್ತಿತ್ತು.

ಉಳಿದಿದ್ದು ಬಾಯಿ ಒಂದೇ.

"ಕುಡೀತೇನಿ," ಅಂದೆ. "ಅದಕ್ಕಿಂತ ಮೊದಲ ಒಂದು ಲೆಕ್ಕ ಹಾಕ್ರಿ. ಅದೇ ಮನಿ, ಅದೇ ಟೇಬಲ್, ಎಂಟು ದಿನದಾಗ ಎರಡನೇ ಹೆಣ. ಪಂಚನಾಮೆಗೆ ಮತ್ತ ಅದೇ ಇಬ್ಬರ ಸಹಿ. ಒಂದಕ್ಕ ಪಿಎಸ್‌ಐ ಕಣ್ಣು ಮುಚ್ಚ್ಯಾನ. ಎರಡನೇದಕ್ಕ ಮುಚ್ಚತಾನೇನು? ಹುಚ್ಚವ್ವನ ಮ್ಯಾಲ ಜೀಪ್ ಹಾಯಿಸಿದಾಂವ ಚಂದ್ರಕಾಂತ. ನೀವ್ಯಾಕ ಫಾಸಿಗೆ ಹೋಗ್ತೀರಿ?"

"ಯಾ ಜೀಪ್?" ಅಂದ ಬೀರಣ್ಣ.

ಅವನಿಗೆ ಗೊತ್ತಿರಲಿಲ್ಲ. ಚಂದ್ರಕಾಂತನ ಮುಖ ನೋಡಿದ. ಗೊತ್ತಾಯಿತು.

ಬೀರಣ್ಣ ಎದ್ದ. ಟಗರು ಹಿಡಿದು ಬೆಳೆದ ಕೈ. ಚಂದ್ರಕಾಂತನ ಮುಂಗೈ ತಿರುವಿದ. ಕತ್ತರಿ ನೆಲಕ್ಕೆ ಬಿತ್ತು. ಜೇಬಿಗೆ ಕೈ ಹಾಕಿ ಕೀಲಿ ತೆಗೆದ.

"ಲೇ ಬೀರ್ಯಾ, ಇಪ್ಪತ್ತು ವರ್ಷದ ದೋಸ್ತಿ..."

"ಒಂದು ಸಹಿ ಮಾಡೇನಿ. ಇನ್ನೊಂದು ಮಾಡಂಗಿಲ್ಲ."

ಸಿದ್ದಲಿಂಗೇಶ ಕುಳಿತಲ್ಲೇ ಇದ್ದ.

ಬೀರಣ್ಣ ನನ್ನನ್ನು ಕುರಿಮರಿಯಂತೆ ಹೆಗಲಿಗೆ ಹಾಕಿಕೊಂಡು ಗಾಡಿಗೆ ಒಗೆದ. ವಿಜಯಪುರದ ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್. ಫೋನ್ ಮಹಾನಂದಾಳ ಕೈಯಿಂದಲೇ ಸ್ಟೇಷನ್ನಿಗೆ ಹೋಯಿತು. ಬೀರಣ್ಣ ಹೇಳಿಕೆ ಬದಲಿಸಿದ, ತಾನೂ ಆರೋಪಿಯಾದ. ಸಿದ್ದಲಿಂಗೇಶನೂ.

ಚಂದ್ರಕಾಂತ ಮಾತ್ರ ಕೊನೆಯವರೆಗೂ ಒಂದೇ ಪಾಠ ಒಪ್ಪಿಸಿದ. ಎಲ್ಲರೂ ಅದೇ ಬಾಟಲಿ ಕುಡಿದಿದ್ದೇವೆ, ಅದರೊಳಗೆ ಏನೂ ಇರಲಿಲ್ಲ, ಬೇಕಾದರೆ ಟೆಸ್ಟ್ ಮಾಡಿಸಿ.

ಮಾಡಿಸಿದರು. ರಿಪೋರ್ಟ್ ಮೊನ್ನೆ ಬಂತು.

ಆ ಮನೆಯಲ್ಲಿ ಕಲಬೆರಕೆ ಇಲ್ಲದ್ದು ವಿಸ್ಕಿ ಒಂದೇ.