ಏಳನೇ ಕಂಪ್ಯೂಟರಿನ ಅಡ್ರೆಸ್

“ಅಯ್ಯೋ, ಪಾಸ್‌ವರ್ಡ್ ಕೇಳ್ತಿದೆ!” ಚಟಪಟಿ ಕೀಬೋರ್ಡಿನ ಮೇಲಿಂದ ಕೈ ತೆಗೆದಳು. ಸ್ಕೂಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅವಳೊಬ್ಬಳೇ. ಗೋಡೆ ಗಡಿಯಾರದಲ್ಲಿ ಮೂರೂವರೆ.

ಅರಳು ಹುರಿದ ಹಾಗೆ ಮಾತಾಡುತ್ತಾಳೆಂದು ತಾತನೇ ಇಟ್ಟ ಹೆಸರು ಚಟಪಟಿ. ಈಗ ತಾತನಿಗೆ ಹಾಗೆ ಕರೆಯಲು ಆಗುವುದಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಅವರ ಧ್ವನಿಯೇ ಹೋಗಿಬಿಟ್ಟಿದೆ. ಹೋದ ವರ್ಷ ಪ್ರಾಜೆಕ್ಟಿಗೆಂದು ಅವರು ಇಲ್ಲಿಗೇ ಬಂದು ಹೇಳಿದ್ದ ಕೊಡೆ ಕದ್ದ ಕತ್ತೆಯ ಕತೆ ಈ ಏಳನೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಆಗಿದೆ. ಬೇರೆಲ್ಲೂ ಇಲ್ಲ.

ನಾಲ್ಕು ಗಂಟೆಗೆ ಅದೂ ಹೋಗುತ್ತದೆ. ರಿಪೇರಿ ಅಂಕಲ್ ಪಕ್ಕದ ರೂಮಿನಲ್ಲಿ ಕೂತು, ಅಲ್ಲಿಂದಲೇ ಎಲ್ಲ ಕಂಪ್ಯೂಟರುಗಳನ್ನೂ ಅಳಿಸಿ ಹೊಸ ಲಿನಕ್ಸ್ ಸಾಫ್ಟ್‌ವೇರ್ ಹಾಕುತ್ತಾರೆ.

“ನನ್ನ ಲಿಸ್ಟಲ್ಲಿ ಏಳು, ಎಂಟು ಅಂತ ಇರಲ್ಲ ಮರಿ, ಬರೀ ಐಪಿ ಅಡ್ರೆಸ್ ಇರತ್ತೆ, ಒಂದೊಂದು ಕಂಪ್ಯೂಟರಿಗೂ ಒಂದೊಂದು ನಂಬರ್. ನಿಂದು ಬರ್ಕೊಂಡು ಬಾ, ಅದೊಂದನ್ನ ಬಿಟ್ಟುಬಿಡ್ತೀನಿ. ನೋಡೋಕೆ ಬರತ್ತಾ?” ಎಂದು ಕೇಳಿದ್ದರು.

“ಓ, ಬರತ್ತೆ ಅಂಕಲ್!” ಎಂದು ಜಂಬದಿಂದ ಓಡಿ ಬಂದಿದ್ದಳು. ಏನು ಬರುತ್ತಿತ್ತು, ಮಣ್ಣು! ಒಂಬತ್ತನೇ ಕ್ಲಾಸಿನ ಅಕ್ಕ ಒಮ್ಮೆ ಹೇಳಿಕೊಟ್ಟಿದ್ದಳು, ಏನು ಕೇಳಬೇಕಾದರೂ ಮೊದಲು ‘ಸುಡೊ’ ಅಂತ ಸೇರಿಸು, ಆಗ ಕಂಪ್ಯೂಟರ್ ಬಾಲ ಮುದುರಿಕೊಂಡು ಮಾತು ಕೇಳತ್ತೆ ಅಂತ. ಅದು ಲ್ಯಾಬ್ ನೋಡಿಕೊಳ್ಳುವವರಿಗೆ ಮಾತ್ರ ಎಂದು ಹೇಳಿರಲಿಲ್ಲ. ಹಾಗೆ ಸೇರಿಸಿದ್ದಕ್ಕೇ ಈಗ ಪಾಸ್‌ವರ್ಡ್ ಕೇಳುತ್ತಿತ್ತು.

ಚಟಪಟಿ ತನ್ನ ಕ್ಲಾಸಿನ ಪಾಸ್‌ವರ್ಡನ್ನೇ ಒತ್ತಿದಳು. ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನಿಧಾನವಾಗಿ ಓದಿ ಅರ್ಥ ಮಾಡಿಕೊಂಡಳು. ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು.

ವರದಿಯಾ! ಯಾರಿಗೆ? ಹೆಡ್‌ಮಿಸ್ಸಿಗಾ? ಆಸ್ಪತ್ರೆಗೂ ಮನೆಗೂ ಓಡಾಡಿ ಸುಸ್ತಾಗಿರುವ ಅಮ್ಮನನ್ನು ಸ್ಕೂಲಿಗೆ ಕರೆಸಿದರೆ?

ಪಕ್ಕದ ರೂಮು ಹತ್ತೇ ಹೆಜ್ಜೆ. ಹೋಗಿ “ನಂಗೆ ಬರಲ್ಲ ಅಂಕಲ್” ಅಂದಿದ್ದರೆ ಸಾಕಿತ್ತು. ಆದರೆ ಹೋದರೆ ಸಿಕ್ಕಿಬೀಳುತ್ತೇನಲ್ಲ! ಮೂರು ನಲವತ್ತಾಯಿತು. ಮೂರು ಐವತ್ತಾಯಿತು. ನಾಲ್ಕೂ ಆಯಿತು. ಮಾತಿನ ಮಲ್ಲಿ ತುಟಿ ಹೊಲಿದುಕೊಂಡು ಕೂತಿದ್ದಳು.

ಬಾಗಿಲು ಕಿರ್ರೆಂದಿತು. “ಏನಮ್ಮಾ, ಬರ್ಕೊಂಡು ಬರ್ತೀನಿ ಅಂದೋಳು ನಾಪತ್ತೆ? ಬೇಡವೇನೋ ಅಂದ್ಕೊಂಡು ಒಂದೊಂದಾಗಿ ಅಳಿಸೋಕೆ ಶುರು ಮಾಡ್ಬಿಟ್ಟೆ.”

ಚಟಪಟಿ ಗೊಳೋ ಎಂದು ಅತ್ತಳು. ಅಳುತ್ತಲೇ ಸ್ಕ್ರೀನ್ ತೋರಿಸಿದಳು.

“ಅಯ್ಯೋ, ಇದಕ್ಕಾ ಹೆದರಿದ್ದು? ಆ ವರದೀನ ಯಾರೂ ಓದಲ್ಲ ಕಣಮ್ಮಾ! ಅಡ್ರೆಸ್ ಬದಲಾಯಿಸೋಕೆ ಪಾಸ್‌ವರ್ಡ್ ಬೇಕು, ನೋಡೋಕೆ ಯಾಕೆ? ಐ, ಪಿ, ಒಂದು ಸ್ಪೇಸ್, ಎ. ಬೇಗ ಹೊಡಿ!”

ಅಷ್ಟೇ! ಯಾರ ಅಪ್ಪಣೆಯನ್ನೂ ಕೇಳದೆ ಸಾಲುಸಾಲು ಅಕ್ಷರಗಳು ಬಂದವು. ಅಂಕಲ್ ಮಧ್ಯದಲ್ಲಿದ್ದ ನಂಬರನ್ನು ಕೈ ಮೇಲೆ ಗೀಚಿಕೊಂಡು ಓಡಿದರು.

ಅವರು ಬಾಗಿಲು ದಾಟುವುದರೊಳಗೆ ಸ್ಕ್ರೀನ್ ಕಪ್ಪಾಯಿತು.

ಸ್ವಲ್ಪ ಹೊತ್ತಿಗೆ ಅಂಕಲ್ ವಾಪಸ್ ಬಂದರು. “ಅಳಿಸಿಹೋಯ್ತು ಮರಿ. ಐದು ನಿಮಿಷ ಮುಂಚೆ ಬಂದಿದ್ರೆ...” ಎಂದರು.

ಮನೆಯಲ್ಲಿ ತಾತ ಅವಳ ಮುಖ ನೋಡಿದ್ದೇ ಸ್ಲೇಟಿನಲ್ಲಿ ‘ಏನಾಯ್ತು?’ ಎಂದು ಬರೆದರು. ‘ಏನಿಲ್ಲ’ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಚಟಪಟಿ ಎಲ್ಲವನ್ನೂ ಹೇಳಿದಳು, ಜಂಬ ಪಟ್ಟಿದ್ದನ್ನೂ.

ತಾತನ ಕೈ ಗಂಟಲಿನ ಮೇಲೆ ಹೋಯಿತು. ಆಮೇಲೆ ಸ್ಲೇಟು ಒರೆಸಿ ಬರೆದರು. ‘ಆ ಕತೆ ನಿಂಗೆ ಬರುತ್ತಾ?’

“ಪೂರ್ತಿ ಬರಲ್ಲ ತಾತ.”

ತಾತ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಚಟಪಟಿ ಮೂಗು ಒರೆಸಿಕೊಂಡು ಶುರು ಮಾಡಿದಳು. ತಾತನ ಹಾಗೆ ಕತ್ತೆಯ ದನಿ ಬರಲಿಲ್ಲ. ಆ ದನಿ ಇನ್ನು ಎಲ್ಲೂ ಇಲ್ಲ. ಕತ್ತೆ ಕೊಡೆ ಬಿಚ್ಚುವ ಹೊತ್ತಿಗೆ ಅವಳ ಮಾತು ನಿಂತುಹೋಯಿತು.

ಏನಾದರೊಂದು ಸೇರಿಸಿ ಮುಂದೆ ಓಡಿಸಬಹುದಿತ್ತು.

“ಇಲ್ಲಿಂದ ನಂಗೆ ಗೊತ್ತಿಲ್ಲ ತಾತ,” ಎಂದಳು. “ಆಮೇಲೆ ಏನಾಯ್ತು?”

ತಾತ ಬಳಪ ಎತ್ತಿಕೊಂಡರು.